ಕಾಲಿನ ಕಡೆ ಸುಗಂಧರಾಜ

ಒಂದು ದಂಟು ಬಾಗಿಬಿಟ್ಟಿದೆ, ಮೂರನೆಯ ಸಾಲಿನದು, ಕೆಳಗಿನ ಎರಡು ಹೂವು ಆಗಲೇ ಮಣ್ಣು ಮೂಸುತ್ತಿವೆ, ಕೋಲು ಕೊಡಬೇಕಿತ್ತು, ಕೋಲು ಕೊಡೇ ಕೋಲು ಕೊಡೇ ಅಂತ ಅಕ್ಕ ಒಳಗಿನಿಂದ ಬಡಕೊಂಡಿದ್ದೇ ಬಂತು, ಹೆಸರಿಗೆ ಸುಗಂಧರಾಜ, ರಾಜನಿಗೆ ಸೊಂಟವೇ ಗಟ್ಟಿ ಇಲ್ಲ ನೋಡು ಅಂತ ನಕ್ಕಿದ್ದಳು — ಫೈಲು ಕಂಕುಳಲ್ಲಿದೆ, ಮನೆಗೆ ಬೀಗ ಬಿದ್ದಿದೆ, ಗೇಟಿಗೆ ಹದಿನೈದು ಹೆಜ್ಜೆ, ಅಲ್ಲಿಂದ ಬಸ್ ಸ್ಟಾಪಿಗೆ ಐದು ನಿಮಿಷ, ಹಾಗಿದ್ದರೂ ತಂಗಿ ಪಾತಿಯ ಪಕ್ಕ ಮಂಡಿಯೂರಿ ಕೂತಿದ್ದಾಳೆ, ಯಾವಾಗ ಕೂತಳೋ ಅವಳಿಗೇ ತಿಳಿಯದು. ಎರಡು ಗಂಟೆಯೊಳಗೆ ಅಂದಿದ್ದಾನೆ ಸರ್ಜನ್. ಎರಡರೊಳಗೆ ಸಹಿ ಆಗಬೇಕು ಸಿಸ್ಟರ್, ನಿಮಗೆ ನಾನು ಬಿಡಿಸಿ ಹೇಳಬೇಕಾ, ನಂಜು ರಕ್ತಕ್ಕೆ ಏರಿದೆ, ನಿಮ್ಮ ಅಕ್ಕನ ಎಡಗಾಲು ಮಂಡಿ ಮೇಲಿಂದ ತೆಗೀಬೇಕು, ತೆಗೆದರೆ ಉಳಿಯಬಹುದು, ತೆಗೀದೆ ಇದ್ರೆ ನಾಳೆ ಬೆಳಗ್ಗೆ ಕಾಣಲ್ಲ, ಹಳೇ ಹಾರ್ಟ್ ರಿಪೋರ್ಟ್ ಮನೇಲಿದ್ರೆ ತಂದುಬಿಡಿ, ಅರಿವಳಿಕೆ ಕೊಡೋ ಡಾಕ್ಟರು ಕೇಳ್ತಿದಾರೆ. ಇವನು ಹೊಲಿಗೆ ಕಲಿಯುವಾಗ ದಾರ ಕತ್ತರಿಸಿ ಕೊಟ್ಟವಳು ಇದೇ ಸಿಸ್ಟರು, ಸೂಜಿ ಹಿಡಿದು ಬೆವರಿ ನಿಂತಿದ್ದಾಗ ಉಸಿರು ತಗೊಳ್ಳಪ್ಪ ಅಂದವಳು, ಈಗ ಅವನು ಅವಳಿಗೆ ಉಸಿರು ತಗೊಳ್ಳಿ ಅಂದ. ಒಪ್ಪಿಗೆ ಪತ್ರ ಫೈಲಿನೊಳಗಿದೆ, ನಾಲ್ಕು ಮಡಿಕೆಯಾಗಿ. ಅಲ್ಲೇ ಸಹಿ ಹಾಕಿ ಬರಬಹುದಿತ್ತು. ಮುವ್ವತ್ತಾರು ವರ್ಷ ಅದೇ ಕಾಗದವನ್ನು ಇನ್ನೊಬ್ಬರ ಮುಂದೆ ಹಿಡಿದು, ಇಲ್ಲಿ, ಇಲ್ಲಿ, ಇನ್ನೊಂದು ಇಲ್ಲಿ ಅಂತ ಬೆರಳಿಟ್ಟು ತೋರಿಸಿದವಳು, ಸಹಿ ಹಾಕಲು ಹಿಂದೇಟು ಹಾಕಿದವರನ್ನು ಮನಸ್ಸಿನಲ್ಲೇ ಬೈದುಕೊಂಡವಳು, ಫೈಲು ತರ್ತೀನಿ ಅಂತ ಎದ್ದು ಬಂದುಬಿಟ್ಟಳು, ಕಳ್ಳಿ.

ಕೋಲು. ಬೇಲಿ ಮೂಲೆಯಲ್ಲಿ ಇರಬೇಕು, ಅಕ್ಕ ಸೀಳಿ ಇಟ್ಟ ಬಿದಿರಿನ ಕಡ್ಡಿಗಳು, ಕಾಯಿಲೆಗೆ ಮುಂಚೆ, ಎರಡೂ ಕೈ ಎರಡೂ ಕಾಲು ಆಡುತ್ತಿದ್ದ ಕಾಲದಲ್ಲಿ. ಊರ ದೊಡ್ಡ ಪಾರ್ಕಿನಲ್ಲಿ ಇಪ್ಪತ್ತೊಂಬತ್ತು ವರ್ಷ ತೋಟದ ಕೆಲಸ, ಸರ್ಕಾರದ ಬೂಟು ಕೊಟ್ಟರೆ ಹಾಕಿಕೊಳ್ಳುತ್ತಿರಲಿಲ್ಲ, ಮಣ್ಣಿನ ಹದ ಕೈಗೆ ಗೊತ್ತಾಗಲ್ಲ ಕಣೇ, ಕಾಲಿಗೆ ಗೊತ್ತಾಗುತ್ತೆ, ಹಿಮ್ಮಡಿ ಊರಿದರೆ ಸಾಕು ನೀರು ಬೇಕೋ ಬೇಡವೋ ಹೇಳಿಬಿಡ್ತೀನಿ, ಎಂದು ಬರಿಗಾಲಲ್ಲಿ ಪಾತಿ ಸುತ್ತುತ್ತಿದ್ದವಳು, ಸನಿಕೆಯನ್ನು ಎಡ ಹಿಮ್ಮಡಿಯಿಂದಲೇ ಒತ್ತುತ್ತಿದ್ದವಳು, ಆ ಹಿಮ್ಮಡಿ ಬಿರುಕು ಬಿಟ್ಟು ಒಣಗಿದ ಕೆರೆಯ ಹಾಗಿತ್ತು, ಅದಕ್ಕೆ ಮುಲಾಮು ಹಚ್ಚಲು ಹೋದರೆ ಒದೆಯುತ್ತಿದ್ದಳು. ಆಮೇಲೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಬಿದ್ದಳು. ಎಡಭಾಗ ಪೂರ್ತಿ ಹೋಯಿತು. ಮಾತು ಮಾತ್ರ ಹೋಗಲಿಲ್ಲ, ಪುಣ್ಯಕ್ಕೋ ಪಾಪಕ್ಕೋ. ಅಕ್ಕನಿಗೆ ಇವಳು, ಇವಳಿಗೆ ಅಕ್ಕ, ಮೂರನೆಯವರಿಲ್ಲ, ಮದುವೆ ಇಬ್ಬರಿಗೂ ಆಗಲಿಲ್ಲ, ಯಾಕೆ ಅಂತ ಕೇಳುವವರೂ ಸತ್ತುಹೋದರು. ಮುಂಬಾಗಿಲ ಕೋಣೆಯ ಕಿಟಕಿಗೆ ಮಂಚ ಸರಿಸಿದ್ದಾಯಿತು, ಮಲಗಿದಲ್ಲಿಂದ ನೆಲ ಕಾಣುತ್ತಿಲ್ಲ ಅಂತ ಕಿಟಕಿಯ ಸರಳಿಗೆ ಒಂದು ಕನ್ನಡಿ ಓರೆಯಾಗಿ ಕಟ್ಟಿಸಿಕೊಂಡಳು, ಅದರೊಳಗಿನಿಂದ ಸಾಹೇಬರ ಹಾಗೆ ಇವಳ ಕೆಲಸ ನೋಡುವುದು. ಗೆಡ್ಡೆ ತಂದು ಹಾಕು, ಸುಗಂಧರಾಜದ್ದು, ಒಂಟಿ ಎಸಳಿನದು ತಾ, ಜೋಡಿ ಎಸಳಿನದು ನೋಡೋಕೆ ಚೆಂದ, ವಾಸನೆ ಕಮ್ಮಿ. ಇವಳಿಗೆ ಗಿಡ ಅಂದರೆ ಆಸ್ಪತ್ರೆಯ ಕಾರಿಡಾರಿನ ಕುಂಡ, ಮುಟ್ಟಿದ್ದೆಲ್ಲ ಒಣಗುವ ಕೈ. ಹೋಗಿ ತಂದಳು ನಲವತ್ತು ಗೆಡ್ಡೆ, ಒಂದೊಂದು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಒಣಸಿಪ್ಪೆ, ಮೂಗಿಗೆ ಹಿಡಿದರೆ ಏನೂ ಇಲ್ಲ. ಎರಡಂಗುಲ ಆಳ, ಗೇಣಿಗೊಂದು, ಚೂಪು ತುದಿ ಮೇಲೆ, ಇಂಜೆಕ್ಷನ್ ಚುಚ್ಚೋ ಹಾಗೆ ಚುಚ್ಚಬೇಡ್ವೇ, ಮಲಗಿಸೋ ಹಾಗೆ ಇಡು, ಅಯ್ಯೋ ನಿನ್ನ, ತಲೆ ಕೆಳಗೆ ಮಾಡಿ ನೆಟ್ಟಿದೀಯಲ್ಲೇ, ಎರಡನೇದು, ಅದೇ, ಕೀಳು ಅದನ್ನ, ಇಂಥವಳ ಕೈಗೆ ಊರವರ ಪ್ರಾಣ ಕೊಟ್ಟಿದ್ರಲ್ಲಪ್ಪ! ಇಬ್ಬರೂ ನಕ್ಕಿದ್ದು. ಕನ್ನಡಿಯಲ್ಲಿ ಅಕ್ಕನ ಅರ್ಧ ಮುಖ ಮಾತ್ರ ನಗುತ್ತಿತ್ತು, ಇನ್ನರ್ಧಕ್ಕೆ ನಗು ಬರುತ್ತಿರಲಿಲ್ಲ, ಆದರೂ ಅದು ನಗುವೇ.

ಕಡ್ಡಿ ಸಿಕ್ಕಿತು. ದಾರ ಇಲ್ಲ. ಬಟ್ಟೆ ಒಣಹಾಕುವ ಹಗ್ಗದ ತುದಿಯಲ್ಲಿ ಒಂದು ತುಂಡು ನೇತಾಡುತ್ತಿದೆ, ಅದನ್ನು ಬಿಚ್ಚಿದರಾಯಿತು, ಹಗ್ಗದ ಮೇಲೆ ಮೊನ್ನೆ ಒಗೆದದ್ದು ಇನ್ನೂ ಹಾಗೇ ಇದೆ, ಎರಡು ಟವಲು, ಅಕ್ಕನ ಮೇಲಂಗಿ, ಒಂದು ಬೂದು ಕಾಲುಚೀಲ. ಒಂದೇ. ಬಲಗಾಲಿನದು — ನೋಡಬೇಡ, ದಾರ ಬಿಚ್ಚು, ಗಂಟು ಗಟ್ಟಿಯಾಗಿದೆ, ಉಗುರು ಇಲ್ಲ, ನರ್ಸಿಗೆ ಉಗುರು ಇರಬಾರದು. ನರ್ಸಿಗೆ ಮೂಗು ಇರಬೇಕು. ಮೂಗಿನ ಸಿಸ್ಟರ್ ಅಂತಲೇ ಹೆಸರಿತ್ತಲ್ಲ ಇವಳಿಗೆ, ಎದುರಿಗೆ ಮರ್ಯಾದೆ, ಹಿಂದೆ ಅದೇ ಹೆಸರು, ಗಂಡಸರ ವಾರ್ಡಿನ ಬಾಗಿಲಲ್ಲಿ ನಿಂತು ಒಂದು ಸಲ ಉಸಿರೆಳೆದು, ಆ ಏಳನೇ ಹಾಸಿಗೆ, ಬ್ಯಾಂಡೇಜು ಬಿಚ್ಚಿ, ಅನ್ನುತ್ತಿದ್ದಳು, ಡಾಕ್ಟರು ನಿನ್ನೆ ತಾನೇ ನೋಡಿ ಚೆನ್ನಾಗಿದೆ ಅಂದಿದ್ದಾರೆ ಸಿಸ್ಟರ್, ಬಿಚ್ರೀ ಅಂದೆ, ಬಿಚ್ಚಿದರೆ ಒಳಗೆ ಹಸಿರು. ಕೊಳೆಯುವ ಮಾಂಸಕ್ಕೆ ಒಂದು ಸಿಹಿ ಇರುತ್ತದೆ, ಮೊದಲ ದಿನ ಕೊಳಕಲ್ಲ, ಸಿಹಿ, ಅದು ಬೇರೆ ಯಾರಿಗೂ ಹತ್ತುತ್ತಿರಲಿಲ್ಲ, ಇವಳಿಗೆ ಹತ್ತುತ್ತಿತ್ತು, ಹೊಸ ಹುಡುಗಿಯರಿಗೆ ಕಲಿಸಲು ನೋಡಿದಳು, ಬರಲಿಲ್ಲ, ಗುಬ್ಬಿ ಅಂತ ಇವಳೇ ಕರೆಯುತ್ತಿದ್ದ ಪುಟ್ಟ ನರ್ಸ್ ಒಬ್ಬಳಿಗೆ ಸ್ವಲ್ಪ ಬಂತು. ಆ ಮೂಗು ಇಟ್ಟುಕೊಂಡು. ಆ ಮೂಗು ಇಟ್ಟುಕೊಂಡು ಒಂದೇ ಸೂರಿನಡಿ, ಒಂದೇ ಗೋಡೆಯಾಚೆ, ಆರು ವಾರ! ದೀಪದ ಬುಡದಲ್ಲೇ ಕತ್ತಲು ಅಂತಾರೆ, ಇದು ಕತ್ತಲೂ ಅಲ್ಲ, ಘಮ. ಮೊದಲ ದಂಟು ಬಂದಾಗ ಅಕ್ಕ ಕೂಗಿ ಕರೆದಳು, ಕನ್ನಡಿಯಲ್ಲಿ ಇವಳಿಗಿಂತ ಮೊದಲೇ ನೋಡಿದ್ದಳು, ಕೆಳಗಿನಿಂದ ಒಂದೊಂದೇ ಜೋಡಿ ಬಿಚ್ಚುತ್ತಾ ಹೋಗುತ್ತೆ ನೋಡ್ತಿರು, ಮೇಲಿನ ಮೊಗ್ಗು ಅರಳೋ ಹೊತ್ತಿಗೆ ಕೆಳಗಿಂದು ಕಂದಿರುತ್ತೆ, ಕಡ್ಡಿ ಕುಯ್ದು ನೀರಲ್ಲಿಡು. ಇಟ್ಟಳು ತಲೆದೆಸೆಯಲ್ಲಿ, ಔಷಧಿಯ ಸ್ಟೂಲಿನ ಮೇಲೆ, ಗಾಜಿನ ಹೂಜಿಯಲ್ಲಿ. ಸಂಜೆಯಾದಂತೆ ಕೋಣೆ ತುಂಬಾ ಅದೇ, ಕೈಗೆ ಮುಟ್ಟಿದ ಹಾಗೆ ದಪ್ಪ ವಾಸನೆ. ಮಾರನೆಯ ದಿನ ಅಕ್ಕ ಅಂದಳು, ತಲೆ ಹತ್ತಿರ ಬೇಡ ಕಣೇ, ತಲೆನೋವು ಬರುತ್ತೆ, ಕಾಲಿನ ಕಡೆ ಇಡು.

ಕಾಲಿನ ಕಡೆ ಇಡು. ಅಷ್ಟೇ ಅಂದದ್ದು. ಅದರಲ್ಲಿ ಏನಿದೆ, ಸುಗಂಧರಾಜದ ವಾಸನೆಗೆ ಯಾರಿಗಾದರೂ ತಲೆನೋವು ಬರುತ್ತದೆ. ಆಮೇಲೆ ದಿನಕ್ಕೆ ಎರಡು ಕಡ್ಡಿ, ಆಮೇಲೆ ನಾಲ್ಕು, ಹಳೇದು ತೆಗೀಬೇಡ, ಹೊಸದು ಸೇರಿಸು, ಅಯ್ಯೋ ಇಷ್ಟೊಂದು ಯಾಕೇ, ಮನೆಯೋ ಹೂವಿನಂಗಡಿಯೋ, ನೆಟ್ಟಿದ್ದು ನಾನು ಹೇಳಿ ತಾನೇ, ಅನುಭವಿಸೋದು ಬೇಡ್ವಾ. ಇವಳಿಗೂ ಖುಷಿಯಾಗಿತ್ತು, ಅದನ್ನು ಯಾರಿಗೆ ಹೇಳುವುದು, ಜೀವಮಾನದಲ್ಲಿ ಮೊದಲ ಸಲ ತನ್ನ ಕೈಯಿಂದ ಏನೋ ಅರಳಿತು, ಬೆಳಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ಪಾತಿಗೆ ಹೋಗಿ ನೋಡುವುದು, ಕಳೆ ಕೀಳುವುದು, ಮಣ್ಣು ಸಡಿಲಿಸುವುದು, ಮರಿಗೆಡ್ಡೆ ಎಷ್ಟಾಗಿದೆಯೋ ಅಂತ ಬೆರಳು ಹಾಕಿ ತಡವುವುದು, ಅಕ್ಕ ಹೇಳಿದ್ದಳು, ತಾಯಿಗೆಡ್ಡೆ ಒಂದೇ ಸಲ ಹೂ ಬಿಡುತ್ತೆ, ಮುಗೀತು ಅದರ ಕಥೆ, ಮುಂದಿನ ವರ್ಷದ್ದೆಲ್ಲ ಮಕ್ಕಳದ್ದು. ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ, ಎರಡು ವಾರದ ಹಿಂದೆ, ತಟ್ಟೆ ತೆಗೆಯಲು ಬಗ್ಗಿದಾಗ ಮೂಗಿನ ತುದಿಗೆ ಏನೋ ತಾಗಿ ನಿಂತಳು. ಏನೋ ವಾಸನೆ ಕಣೇ. ಹೂಜಿ ನೀರು, ಅಂದಳು ಅಕ್ಕ, ತಕ್ಷಣ, ಕಣ್ಣು ಕೂಡ ಮಿಟುಕಿಸದೆ, ದಂಟು ನೀರಲ್ಲಿ ಕೊಳೀತಿದೆ, ದಿನಾ ನೀರು ಬದಲಾಯಿಸಬೇಕು ಅಂತ ಗೊತ್ತಿಲ್ವಾ, ಪೆದ್ದೀ. ಹೂಜಿ ಎತ್ತಿ ಮೂಸಿದಳು, ಹೌದು, ನಾರುತ್ತಿತ್ತು ನೀರು, ನಿಜವಾಗಿಯೂ ನಾರುತ್ತಿತ್ತು, ಚೆಲ್ಲಿದಳು, ತೊಳೆದಳು, ಹೊಸ ಕಡ್ಡಿ ಕುಯ್ದು ತಂದು ತುಂಬಿದಳು. ಅಲ್ಲಿಗೆ ಮುಗಿಯಿತು. ಏಳನೇ ಹಾಸಿಗೆ, ಬಿಚ್ರೀ ಅಂದೆ, ಅಂದ ಹೆಂಗಸು ಹೂವಿನ ನೀರು ಚೆಲ್ಲಿ ಸಮಾಧಾನ ಮಾಡಿಕೊಂಡಳು, ಥೂ ನಿನ್ನ ಜನ್ಮಕ್ಕಿಷ್ಟು. ಬೂದು ಕಾಲುಚೀಲ, ಎರಡು ಬೆರಳಲ್ಲಿ ಹಿಡಿದು ಎಳೆದರೆ ಬರಲಿಲ್ಲ — ಬೇಡ. ಬೇಡ ಅದು. ದಾರ ಬಿಚ್ಚಿತು.

ಕೋಲು ನೆಟ್ಟು, ದಂಟನ್ನು ಎತ್ತಿ, ಬಿಗಿ ಮಾಡದೆ ಕಟ್ಟಬೇಕು, ಬ್ಯಾಂಡೇಜಿನ ಹಾಗೆ, ಒಂದು ಬೆರಳು ತೂರುವಷ್ಟು ಜಾಗ ಬಿಟ್ಟು. ಬೆನ್ನು ನೋಡಿದಳಲ್ಲ ದಿನಾ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದಳಲ್ಲ, ಸೊಂಟ, ಮೊಣಕೈ, ಭುಜದ ಮೂಳೆ, ಎಲ್ಲಿಯೂ ಒಂದು ಕೆಂಪು ಗುರುತಿಲ್ಲ, ಮನೆಗೆ ಬಂದಿದ್ದ ಫಿಸಿಯೋದವಳು ಹೊಗಳಿ ಹೋಗಿದ್ದಳು, ಆಸ್ಪತ್ರೇಲೂ ಹೀಗೆ ನೋಡ್ಕೊಳ್ಳಲ್ಲ ಮೇಡಂ. ಅವಳೇ ಹೇಳಿದ್ದು, ಪೇಷೆಂಟಿಗೆ ಏನು ಸಾಧ್ಯವೋ ಅದನ್ನ ಅವರ ಕೈಲೇ ಮಾಡಿಸಿ. ಅಕ್ಕ ಅದನ್ನು ಹಿಡಿದುಕೊಂಡಳು. ಕಾಲು ನಾನೇ ಒರಸ್ಕೊತೀನಿ ಕಣೇ, ಒದ್ದೆ ಬಟ್ಟೆ ಕೊಟ್ಟು ನೀನು ಹೋಗು, ಅಷ್ಟಾದರೂ ನನ್ನ ಕೈಲಾಗಲಿ, ಎಂದು ದಿಂಬಿಗೆ ಒರಗಿ ಕೂತು, ಆಡುವ ಬಲಗೈಯಿಂದ ಆಡದ ಎಡಗಾಲನ್ನು ಸೌದೆ ಎಳೆದ ಹಾಗೆ ಬಲ ಮಂಡಿಯ ಮೇಲೆ ಎಳೆದುಕೊಂಡು ಒರಸುತ್ತಿದ್ದಳು, ಕಾಲುಚೀಲ ತಾನೇ ಹಾಕಿಕೊಳ್ಳುತ್ತಿದ್ದಳು, ಅರ್ಧ ಗಂಟೆ ಹಿಡಿಯುತ್ತಿತ್ತು, ಬೆವರುತ್ತಿದ್ದಳು, ಇವಳು ಬಾಗಿಲಾಚೆ ನಿಂತು ಮೈಯೆಲ್ಲ ಹೆಮ್ಮೆಯಾಗಿ ಕೇಳಿಸಿಕೊಳ್ಳುತ್ತಿದ್ದಳು. ಒಗೆಯಲು ಬರುತ್ತಿದ್ದುದು ಒಂದೇ ಕಾಲುಚೀಲ. ಇದರ ಜೋಡಿ ಎಲ್ಲೇ? ಹಾಸಿಗೆಯಲ್ಲೆಲ್ಲೋ ಬಿದ್ದಿರುತ್ತೆ ಬಿಡು, ಆ ಕಾಲು ನಡೆಯುತ್ತಾ ಏನು, ಕೊಳೆ ಆಗೋಕೆ. ಅದಕ್ಕೂ ಇಬ್ಬರೂ ನಕ್ಕರು. ಅಲ್ಲ, ಅಕ್ಕನಿಗೆ ಗೊತ್ತಿರಲಿಲ್ಲ, ಹೇಗೆ ಗೊತ್ತಿರಬೇಕು, ಆ ಕಾಲಲ್ಲಿ ನೋವಿಲ್ಲ, ಉರಿಯಿಲ್ಲ, ಸೂಜಿ ಚುಚ್ಚಿದರೂ ತಿಳಿಯದು, ಕನ್ನಡಕ ಹಾಕದೆ ಹತ್ತಿರದ್ದು ಕಾಣದು, ಸಕ್ಕರೆ ಕಾಯಿಲೆ ಬೇರೆ, ಹಿಮ್ಮಡಿ ಮಂಚಕ್ಕೆ ಒತ್ತಿ ಒತ್ತಿ ಒಳಗಿಂದೊಳಗೇ ಹೋಗಿದೆ, ಗೊತ್ತಿಲ್ಲದೆಯೇ ಆಗಿದೆ, ಹಾಗಂತ ಬರೆದುಕೊಟ್ಟುಬಿಡಬಹುದು. ಗೊತ್ತಿರಲಿಲ್ಲ ಅಂದಮೇಲೆ ಸಹಿ ಹಾಕುವುದಕ್ಕೇನು. ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ತಾನೇ ಕಷ್ಟ, ಮುಚ್ಚಿಟ್ಟಿದ್ದರೆ ಅದು ಅವಳ ತೀರ್ಮಾನ, ಕಾಲಿರುವಾಗಲೇ ಹೋಗುತ್ತೇನೆ ಅಂತ ಅವಳೇ ತೀರ್ಮಾನಿಸಿದ ಹಾಗೆ, ಅದರ ಮೇಲೆ ತಂಗಿ ಸಹಿ ಹಾಕಿದರೆ — ಅಮ್ಮನ ಕೈಲಿ ಹಾಕಿಸಿದ ಹಾಗೆ.

ಅಮ್ಮನ ಕಾಲು ತೆಗೆದದ್ದೂ ಅದೇ ಆಸ್ಪತ್ರೆಯಲ್ಲಿ, ಬಲಗಾಲು, ಸಕ್ಕರೆ ಕಾಯಿಲೆಗೇ, ಇವಳು ಆಗಷ್ಟೇ ಹೆಡ್ ನರ್ಸ್ ಆಗಿದ್ದಳು, ಯೂನಿಫಾರ್ಮಿನಲ್ಲೇ ನಿಂತು ಅಮ್ಮನ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿದವಳು, ಜೀವ ಮುಖ್ಯ ಅಮ್ಮಾ ಕಾಲಲ್ಲ, ಎಷ್ಟು ಜನ ಹಾಗೇ ಚೆನ್ನಾಗಿದಾರೆ. ಹನ್ನೊಂದು ತಿಂಗಳು ಇದ್ದಳು ಅಮ್ಮ. ಒಂದು ಸಲವೂ ಸೊಂಟದ ಕೆಳಗೆ ನೋಡಿಕೊಳ್ಳಲಿಲ್ಲ, ಹೊದಿಕೆ ಸರಿದರೆ ಗೋಡೆಗೆ ಮುಖ ತಿರುಗಿಸುತ್ತಿದ್ದಳು, ಕೊನೆಯ ವಾರ ಚಪ್ಪಲಿ ಎಲ್ಲಿ, ನನ್ನ ಚಪ್ಪಲಿ ಯಾರು ತೆಗೆದರು ಅಂತ ಒಂದೇ ಹಟ, ಎರಡೂ ಚಪ್ಪಲಿ ತಂದು ಮಂಚದ ಕೆಳಗೆ ಜೋಡಿಸಿಟ್ಟವಳು ಅಕ್ಕ. ಅಮ್ಮ ಹೋದ ದಿನ ಅಕ್ಕ ಅಳಲಿಲ್ಲ, ಕೈಕಾಲು ತೊಳೆದು ಬಂದು ಎದುರಿಗೆ ಕೂತು ನಿಧಾನವಾಗಿ ಅಂದಳು, ನೀನು ಒಳ್ಳೇದಕ್ಕೇ ಮಾಡಿದೆ, ನನಗೆ ಗೊತ್ತು, ಆದರೆ ನನಗೆ ಮಾತ್ರ ಆ ಒಳ್ಳೇದು ಮಾಡಬೇಡ, ಕೇಳಿಸ್ತಾ, ನನ್ನ ಕಾಲು ನನ್ನ ಜೊತೆಗೇ ಬರಬೇಕು. ಕೇಳಿಸ್ತು ಅಂದಿದ್ದಳು ಇವಳು. ಆಣೆ ಗೀಣೆ ಏನೂ ಇಲ್ಲ, ಬರೀ ಕೇಳಿಸ್ತು. ಅಕ್ಕನಿಗೆ ತಂಗಿ ಎಂಥವಳು ಅಂತ ಗೊತ್ತು. ಅದಕ್ಕೇ ಏನು? ಅದಕ್ಕೇ ನಲವತ್ತು ಗೆಡ್ಡೆ? ಛೇ, ಗೆಡ್ಡೆ ನೆಟ್ಟಾಗ ಹುಣ್ಣು ಎಲ್ಲಿತ್ತು, ನಾಲ್ಕು ತಿಂಗಳ ಹಿಂದಿನ ಮಾತು, ಆಗ ಹೂವು ಬರೀ ಹೂವೇ. ಹೂ ಬಂದ ಮೇಲೆ ಹುಣ್ಣು ಬಂತೋ, ಹುಣ್ಣು ಬಂದ ಮೇಲೆ ಹೂವು ಬೇಕಾಯಿತೋ. ಕಾಲಿನ ಕಡೆ ಇಡು. ಹಳೇದು ತೆಗೀಬೇಡ. ಒಂಟಿ ಎಸಳಿನದೇ ತಾ, ವಾಸನೆ ಜಾಸ್ತಿ — ಅದು ಮೊದಲೇ ಅಂದದ್ದು, ಅದನ್ನು ಸೇರಿಸಬೇಡ, ಸುಮ್ಮನೆ ಇಲ್ಲದ್ದಕ್ಕೆಲ್ಲ ಗಂಟು ಹಾಕಬೇಡ, ಗೊತ್ತಿರಲಿಲ್ಲ ಅವಳಿಗೆ.

ಫೋನು. ಸೊಂಟದಲ್ಲಿ ಗುರುಗುಟ್ಟುತ್ತಿದೆ, ಕೈಯೆಲ್ಲ ಮಣ್ಣು, ಗುಬ್ಬಿ. ಮೇಡಂ ಎಲ್ಲಿದೀರ, ಬಿಪಿ ಇಳೀತಾ ಇದೆ, ಸರ್ ಎರಡು ಸಲ ಕೇಳಿದ್ರು, ಥಿಯೇಟರ್ ರೆಡಿ ಮಾಡಿದಾರೆ. ಪ್ರಜ್ಞೆ ಇದೆಯಾ? ಇಲ್ಲ ಮೇಡಂ, ಬೆಳಗ್ಗೆಯಿಂದ ಒಂದು ಮಾತೂ ಇಲ್ಲ. ಗುಬ್ಬಿ ದನಿ ತಗ್ಗಿಸಿ, ಮೇಡಂ, ನೀವು ಬೇಜಾರು ಮಾಡ್ಕೋಬೇಡಿ, ಇಷ್ಟು ದಿನ ವಾಸನೆ ಬರ್ಲೇ ಇಲ್ವಾ ನಿಮಗೆ? ಕೇಳಿಯೇ ಬಿಟ್ಟಳು, ಕೇಳಬೇಕಾದವಳೇ, ತಾನು ಕಲಿಸಿದ್ದು ಅದನ್ನೇ ತಾನೇ. ಬರ್ತಿದೀನಿ ಅಂದಳು. ಬಸ್ಸು ಹೋದ ಸದ್ದು ಕೇಳಿಸಿತು, ಪರವಾಗಿಲ್ಲ, ಹತ್ತು ನಿಮಿಷಕ್ಕೆ ಇನ್ನೊಂದು. ಫೈಲು ತೊಡೆಯ ಮೇಲೆ, ಕಾಗದ ಬಿಡಿಸಿದರೆ ಮಡಿಕೆಯಲ್ಲಿ ಮಣ್ಣಿನ ಬೆರಳು, ರೋಗಿಯ ಹೆಸರು, ವಯಸ್ಸು, ಸಂಬಂಧ ಅಂತ ಇದ್ದಲ್ಲಿ ತಂಗಿ, ಸ್ವಂತ ಕೈಬರಹದಲ್ಲಿ ಬರೆಯಬೇಕಾದ ಜಾಗ ಖಾಲಿ. ಕರ್ತವ್ಯ ಅಂತ ಯಾರಾದರೂ ಅಂದರೆ ಕಪಾಳಕ್ಕೆ ಬಾರಿಸಬೇಕು, ಕರ್ತವ್ಯವೂ ಅಲ್ಲ, ಪ್ರಾಣ ಮುಖ್ಯ ಅನ್ನುವ ಆ ಹಳೇ ಪಾಠವೂ ಅಲ್ಲ, ಆ ಮನೆಗೆ ಸಂಜೆ ಒಬ್ಬಳೇ ಬೀಗ ತೆಗೆಯಲಾರಳು ಇವಳು, ಅಷ್ಟೇ, ಭಯ. ಬದುಕಿದ್ದು ಬೈಯಲಿ. ಒಂದು ಕಾಲಲ್ಲಿ ಕೂತು ದಿನಾ ಬೈಯಲಿ, ಮುಖ ತಿರುಗಿಸಲಿ, ತಟ್ಟೆ ಎಸೆಯಲಿ, ಅಮ್ಮನ ಹಾಗೆ ಗೋಡೆ ನೋಡಲಿ, ಗೋಡೆಯನ್ನಾದರೂ ನೋಡುತ್ತಾ ಇರಲಿ. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದಳು. ಎಡಗಾಲು, ಮಂಡಿಯ ಮೇಲಿನಿಂದ, ನನ್ನ ಪೂರ್ಣ ಒಪ್ಪಿಗೆ ಇದೆ, ಬರೆದಳು, ಅಕ್ಷರ ದುಂಡಗೆ ಬಂತು, ಮೂರು ಕಡೆ ಸಹಿ, ಇಲ್ಲಿ, ಇಲ್ಲಿ, ಇನ್ನೊಂದು ಇಲ್ಲಿ.

ಎದ್ದಳು, ಮಂಡಿ ಹಿಡಿದಿದೆ, ಕಟ್ಟಿದ ದಂಟು ನೆಟ್ಟಗೆ ನಿಂತಿದೆ, ಹೊರಡು, ಹದಿನೈದು ಹೆಜ್ಜೆ, ಗೇಟಿನ ಚಿಲಕ ಬಿಸಿಲಿಗೆ ಕಾದಿದೆ, ಚಿಲಕದ ಮೇಲೆ ಕೈ, ಆ ಕೈಯೇ, ನಿನ್ನೆ ಬೆಳಗ್ಗೆ ಅಕ್ಕನ ಮೈ ಕೆಂಡವಾಗಿತ್ತು, ತೊದಲುತ್ತಿದ್ದಳು, ಪಾರ್ಕು, ಪೈಪು, ನೀರು ನಿಲ್ಲಿಸು ಅಂತ ಏನೇನೋ, ಬೆನ್ನು ನೋಡಿದಳು, ಸೊಂಟ ನೋಡಿದಳು, ಹೊದಿಕೆ ಪೂರ್ತಿ ಸರಿಸಿದಳು, ಬೂದು ಕಾಲುಚೀಲ, ಹಿಮ್ಮಡಿಯಲ್ಲಿ ಅಂಗೈಯಗಲ ಒದ್ದೆ, ಎರಡು ಬೆರಳಲ್ಲಿ ಅಂಚು ಹಿಡಿದಳು, ಎಳೆದರೆ ಬರಲಿಲ್ಲ, ಬೇಡ ಅದು, ಬೇಡ, ಬಸ್ಸು, ಬಸ್ಸಿಗೆ ಹೋಗು, ಎಳೆದರೆ ಬರಲಿಲ್ಲ, ಹಿಮ್ಮಡಿಗೆ ಅಂಟಿತ್ತು, ಬಿಸಿನೀರು ಹಾಕಿ ನೆನೆಸಿ ಮತ್ತೆ ಎಳೆದಳು, ಆಗ ಅಕ್ಕನ ಬಲಗೈ ಬಂದು ಮಣಿಕಟ್ಟು ಹಿಡಿಯಿತು, ಎಲ್ಲಿತ್ತೋ ಅಷ್ಟು ಬಲ, ಕಣ್ಣು ತೆರೆದಿತ್ತು, ತೊದಲಲಿಲ್ಲ, ಸ್ಪಷ್ಟವಾಗಿ, ಗಿಡದ ಬಗ್ಗೆ ಹೇಳುವ ಹಾಗೆ ಸ್ಪಷ್ಟವಾಗಿ, ಎಳೀಬೇಡ್ವೇ, ಅಲ್ಲೇನೂ ಇಲ್ಲ, ಹೂವಿನ ವಾಸನೆ ಕಣೇ ಅದು, ಹೂವಿನದ್ದು, ಎಳೀಬೇಡ — ಎಳೆದಳು. ಬರುತ್ತಿಲ್ಲ. ಚಿಲಕ ಬಿಸಿ. ಎಳೀಬೇಡ್ವೇ. ಎರಡು ಬೆರಳು, ಒದ್ದೆ ಅಂಚು, ಎಳೆಯುತ್ತಾಳೆ, ಬರುತ್ತಿಲ್ಲ, ಹೂವಿನ ವಾಸನೆ ಕಣೇ, ಎಳೆಯುತ್ತಾಳೆ, ಬೂದು ಕಾಲುಚೀಲ, ಬರುತ್ತಿಲ್ಲ, ಬೂದು ಕಾಲುಚೀಲ